ವಂಶದಿಂದ ಬರೋ ಕೂದಲುದುರುವಿಕೆ: ಗಂಡಸರಿಗೆ ಏನು ಮದ್ದು, ಹೆಣ್ಣುಮಕ್ಕಳಿಗೆ ಏನು ಮದ್ದು? ಗೊತ್ತಿದ್ದವರು ಬರೀರಿ

ವಿಜ್ಞಾನ ಮಾಸ್ತರ, ಶಹಾಪುರ

ಎಲ್ಲರಿಗೂ ನಮಸ್ಕಾರ್ರಿ. ಈ ವಿಷಯದಾಗ ನಮ್ಮ ಕಡೆ ಓಡಾಡೋ ಮಾತು ಭಾಳ, ಖರೇ ಮಾಹಿತಿ ಕಡಿಮಿ. ಬೋರ್ ನೀರಿಗೆ ಕೂದಲು ಹೋದವು ಅಂತಾರ, ಹೆಲ್ಮೆಟ್ಟಿಗೆ ಹೋದವು ಅಂತಾರ, ತಾಯಿ ಕಡೆಯಿಂದ ಮಾತ್ರ ಬರ್ತದ ಅಂತಾರ. ಇನ್ನೂ ಮೀಸಿ ಸರಿಯಾಗಿ ಬಲಿಯದ ಹುಡುಗರು ಸಾಲ ಮಾಡಿ ಹೈದರಾಬಾದಿಗೆ ಹೋಗಿ ಕೂದಲು ನಾಟಿ ಮಾಡಿಸ್ಕೊಂಡು ಬರ್ತಾರ. ಹೆಣ್ಣುಮಕ್ಕಳು ಬೈತಲೆ ಅಗಲ ಆಗಿದ್ದನ್ನ ಸೆರಗಿನಾಗ ಮುಚ್ಚಿಕೊಂಡು ಯಾರ ಮುಂದೂ ಬಾಯಿ ಬಿಡಂಗಿಲ್ಲ.

ಡಾಕ್ಟರು, ಔಷಧಿ ಅಂಗಡಿಯವರು, ಲ್ಯಾಬಿನವರು ಇಲ್ಲಿ ಇದ್ದೀರಿ. ಮೂರು ಪ್ರಶ್ನೆ ಇಡ್ತೀನಿ. ಕೂದಲು ಯಾಕ ಹೋಗ್ತಾವ? ಇದು ವಂಶದ್ದೋ ಬ್ಯಾರೆದೋ ಅಂತ ಹ್ಯಾಂಗ ಗುರ್ತಾ ಹಿಡೀಬೇಕು? ಯಾವ ಔಷಧ, ಎಷ್ಟು, ಹ್ಯಾಂಗ, ಎಷ್ಟು ದಿನ? ತಮ್ಮ ತಮ್ಮ ಕಥಿ ಬ್ಯಾಡ್ರಿ, ಕಂಪನಿ ಜಾಹೀರಾತೂ ಬ್ಯಾಡ್ರಿ. ಓದಿದವ ಮನಿಯಾಗ ಮಾಡ್ಕೊಳ್ಳೋ ಹಂಗ ಬರೀರಿ.

ಶರೀರಶಾಸ್ತ್ರ ಉಪನ್ಯಾಸಕ, ಕಲಬುರಗಿ

ಮಾಸ್ತರೇ, ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನೆತ್ತಿಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, 2-3 ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ, ಅದೇ ಬೇರಿನಿಂದ ಹೊಸದು ಬರುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಉದುರುವುದು ಸಹಜ.

ವಂಶದ ಉದುರುವಿಕೆಯಲ್ಲಿ ಕೆಡುವುದು ಬೆಳೆಯುವ ಕಾಲ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದಿಂದ ಡಿಎಚ್‌ಟಿ ಆಗುತ್ತದೆ. ಹುಟ್ಟಿನಿಂದಲೇ ಈ ಡಿಎಚ್‌ಟಿಗೆ ಸೂಕ್ಷ್ಮವಾಗಿರುವ ಬೇರುಗಳು ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತ ಹೋಗುತ್ತವೆ. ವರ್ಷಗಟ್ಟಲೆ ಬೆಳೆಯುತ್ತಿದ್ದ ದಪ್ಪ ಕೂದಲು ಕೆಲವೇ ತಿಂಗಳು ಬೆಳೆದು ಉದುರುತ್ತದೆ, ಮುಂದಿನ ಸಲ ಇನ್ನೂ ತೆಳುವಾಗಿ ಬರುತ್ತದೆ, ಕೊನೆಗೆ ಕೂಸಿನ ಮೈಮೇಲಿನ ನವಿರಿನಷ್ಟಾಗುತ್ತದೆ. ಬೇರು ಸಾಯುವುದು ಬಹಳ ತಡವಾಗಿ. ಅದಕ್ಕೇ ಬೇಗ ಶುರುಮಾಡಿದ ಚಿಕಿತ್ಸೆಗೆ ಫಲ ಇದೆ, ನುಣ್ಣಗೆ ಹೊಳೆಯುವ ನೆತ್ತಿಗೆ ಇಲ್ಲ. ಹಿಂತಲೆ ಮತ್ತು ಕಿವಿಯ ಮೇಲಿನ ಬೇರುಗಳಿಗೆ ಈ ಸೂಕ್ಷ್ಮತೆ ಕಡಿಮೆ. ಬೋಳಾದರೂ ಸುತ್ತಲೊಂದು ಪಟ್ಟಿ ಉಳಿಯುವುದು ಅದರಿಂದ.

ರಕ್ತದಲ್ಲಿ ಹಾರ್ಮೋನು ಹೆಚ್ಚಾಗಿರಬೇಕೆಂದಿಲ್ಲ. ಬಹುತೇಕರಲ್ಲಿ ಅದು ಸಹಜ ಮಟ್ಟದಲ್ಲೇ ಇರುತ್ತದೆ. ಹಾರ್ಮೋನಿನ ಪಾತ್ರವನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ಪ್ರಾಯಕ್ಕೆ ಮೊದಲೇ ವೃಷಣ ಕಳೆದುಕೊಂಡವರಿಗೆ ಬೋಳು ಬರುವುದಿಲ್ಲ, ಟೆಸ್ಟೋಸ್ಟೆರಾನ್ ಕೊಟ್ಟರೆ ವಂಶದಲ್ಲಿ ಆ ಗುಣ ಇದ್ದವರಿಗೆ ಮಾತ್ರ ಬರುತ್ತದೆ. ಆಮೇಲೆ 1974ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಈ ಕಿಣ್ವವೇ ಕೊರತೆಯಾಗಿ ಹುಟ್ಟಿದ ಮಕ್ಕಳ ವರದಿ ಬಂತು. ದೊಡ್ಡವರಾದ ಮೇಲೆ ಅವರಿಗೆ ಬಕ್ಕತಲೆ ಇಲ್ಲ, ಪ್ರಾಸ್ಟೇಟ್ ಗ್ರಂಥಿಯೂ ಚಿಕ್ಕದು. ಆ ಕಿಣ್ವವನ್ನು ತಡೆಯುವ ಈಗಿನ ಫಿನಾಸ್ಟರೈಡ್ ಗುಳಿಗೆ ಹುಟ್ಟಿದ್ದು ಆ ಎಳೆ ಹಿಡಿದು.

ತಾಯಿ ಕಡೆಯಿಂದ ಮಾತ್ರ ಎಂಬ ಮಾತು ಅರ್ಧ ಸತ್ಯ. ಆಂಡ್ರೊಜನ್ ಗ್ರಾಹಕದ (ಡಿಎಚ್‌ಟಿಯಂಥ ಗಂಡು ಹಾರ್ಮೋನುಗಳನ್ನು ಹಿಡಿಯುವ ಪ್ರೋಟೀನಿನ) ಜೀನು ಎಕ್ಸ್ ವರ್ಣತಂತುವಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರುತ್ತದೆ. ಆದರೆ ಉಳಿದ ಹತ್ತಾರು ಜೀನುಗಳು ಎರಡೂ ಕಡೆಯಿಂದ ಬರುತ್ತವೆ. ಸೋದರಮಾವನ ತಲೆಯನ್ನೂ ನೋಡಿ, ಅಪ್ಪನ ತಲೆಯನ್ನೂ ನೋಡಿ.

ಚರ್ಮವೈದ್ಯೆ, ಕಲಬುರಗಿ

ಗುರುತು ಹಿಡಿಯುವುದಕ್ಕೆ ಬರುತ್ತೇನೆ. ಇಲ್ಲಿ ಎಡವಿದರೆ ಮುಂದಿನ ದುಡ್ಡೆಲ್ಲ ನೀರಿಗೆ ಹೋದಂತೆ.

ಗಂಡಸರಲ್ಲಿ ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತವೆ, ನೆತ್ತಿಯ ಸುಳಿಯ ಹತ್ತಿರ ತೆಳುವಾಗುತ್ತದೆ, ಮುಂದೆ ಎರಡೂ ಕೂಡುತ್ತವೆ. ಇದನ್ನು ಹ್ಯಾಮಿಲ್ಟನ್-ನಾರ್ವುಡ್ ಅಳತೆಯಲ್ಲಿ 1ರಿಂದ 7 ಹಂತ ಮಾಡಿದ್ದಾರೆ. ಹೆಂಗಸರಲ್ಲಿ ಹಣೆಯ ಅಂಚು ಹಾಗೇ ಉಳಿದು ಬೈತಲೆ ಅಗಲವಾಗುತ್ತದೆ, ಮುಂಭಾಗದಲ್ಲಿ ಹೆಚ್ಚು, ಹಿಂದೆ ಹೋದಂತೆ ಕಡಿಮೆ. ಅವರಿಗೆ 1977ರ ಲುಡ್ವಿಗ್ ಅಳತೆ, 3 ಹಂತ. ಪೂರ್ತಿ ಬೋಳಾಗುವುದು ಅಪರೂಪ.

ಮನೆಯಲ್ಲೇ ಒಂದು ಪರೀಕ್ಷೆ. ತಲೆ ತೊಳೆದು ಒಂದು ದಿನ ಆದ ಮೇಲೆ ಸುಮಾರು 50-60 ಕೂದಲಿನ ಎಳೆಯನ್ನು ಬೆರಳಿನಲ್ಲಿ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಜಾರಿಸಿ. 6 ಅಥವಾ ಹೆಚ್ಚು ಬಂದರೆ ಸದ್ಯ ಜೋರಾಗಿ ಉದುರುತ್ತಿದೆ ಎಂದರ್ಥ. ವಂಶದ್ದರಲ್ಲಿ ಸಾಮಾನ್ಯವಾಗಿ ಅಷ್ಟು ಬರುವುದಿಲ್ಲ, ಅದು ಸದ್ದಿಲ್ಲದೆ ತೆಳುವಾಗುವ ರೋಗ. ದಿಂಬಿನ ಮೇಲೆ, ಬಚ್ಚಲಲ್ಲಿ ಹಿಡಿ ಹಿಡಿ ಬೀಳುತ್ತಿದ್ದರೆ 2-3 ತಿಂಗಳು ಹಿಂದಕ್ಕೆ ಹೋಗಿ ನೆನಪು ಮಾಡಿಕೊಳ್ಳಿ: ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ಮಾಡಿದ ಡಯಟ್. ಕಾರಣ ಸರಿಹೋದರೆ ಆ ಉದುರುವಿಕೆ 6 ತಿಂಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಒಳಗೇ ಇದ್ದ ವಂಶದ ತೆಳುವು ಇದರಿಂದ ಎದ್ದು ಕಾಣುವುದೂ ಉಂಟು, ಆಗ ಎರಡಕ್ಕೂ ಚಿಕಿತ್ಸೆ ಬೇಕು.

ಇವುಗಳಿಗೆ ಮಾತ್ರ ತಡ ಮಾಡಬೇಡಿ. ನಾಣ್ಯದಷ್ಟು ದುಂಡಗೆ ನುಣ್ಣಗೆ ಬೋಳಾದರೆ ಅದು ಅಲೋಪೇಸಿಯಾ ಏರಿಯೇಟಾ ಇರಬಹುದು. ನಮ್ಮ ಕಡೆ ಹುಳ ತಿಂದಾವ ಅನ್ನುತ್ತಾರೆ, ಹುಳ ಇಲ್ಲ, ದೇಹದ ರೋಗನಿರೋಧಕ ಶಕ್ತಿಯೇ ಬೇರಿನ ಮೇಲೆ ಬಿದ್ದಿರುತ್ತದೆ. ಮಕ್ಕಳ ತಲೆಯಲ್ಲಿ ಹೊಪ್ಪಳೆ, ಮುರಿದ ಕೂದಲು, ಕತ್ತಿನಲ್ಲಿ ಗಂಟು ಇದ್ದರೆ ಶಿಲೀಂಧ್ರ, ಅದಕ್ಕೆ ಹಚ್ಚುವ ಮುಲಾಮು ಸಾಲದು, ನುಂಗುವ ಔಷಧ ಬೇಕು. ನೆತ್ತಿ ಉರಿ, ನೋವು, ಬುಡದಲ್ಲಿ ಕೆಂಪು, ಚರ್ಮದ ಸಣ್ಣ ರಂಧ್ರಗಳೇ ಮಾಯವಾಗಿ ಮಿರಿಮಿರಿ ಹೊಳೆಯುತ್ತಿದ್ದರೆ ಗಾಯದ ಕಲೆ ಬಿಡುವ ರೋಗ. ಅದರಲ್ಲಿ ಹೋದ ಬೇರು ಮರಳಿ ಬರುವುದಿಲ್ಲ.

ಕಲಬುರಗಿಯ ಜಿಮ್ಸ್ ಮತ್ತು ಇಎಸ್‌ಐಸಿ, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು, ಇವು ಈ ಮೂರು ಜಿಲ್ಲೆಗಳ ಸರ್ಕಾರಿ ಬೋಧನಾ ಆಸ್ಪತ್ರೆಗಳು. ಮೊದಲ ತಪಾಸಣೆಗೆ ಚರ್ಮರೋಗ ವಿಭಾಗಕ್ಕೇ ಹೋಗಿ.

ಔಷಧಿ ಅಂಗಡಿ, ಬೀದರ್

ಮಿನಾಕ್ಸಿಡಿಲ್ ಬಗ್ಗೆ ನಾ ಬರೀತೀನ್ರಿ. ಬಾಟಲಿ ಒಯ್ಯೋರು ನೂರು ಮಂದಿ, ಸರಿಯಾಗಿ ಹಚ್ಚೋರು ಭಾಳ ಕಡಿಮಿ.

ಇದು ಮೊದಲು ರಗತದೊತ್ತಡದ ಗುಳಿಗಿ ಇತ್ತು. ತಗೊಂಡವರ ಮೈಮ್ಯಾಲೆ ಕೂದಲು ಬೆಳೆಯೋದು ಕಂಡು ನೆತ್ತಿಗೆ ಹಚ್ಚೋ ದ್ರಾವಣ ಮಾಡಿದ್ರು. ಅಮೆರಿಕದಾಗ 1988ರಾಗ ಗಂಡಸರಿಗೆ, 1991ರಾಗ ಹೆಣ್ಣುಮಕ್ಕಳಿಗೆ ಒಪ್ಪಿಗಿ ಸಿಕ್ತು. ಗಂಡಸರಿಗೆ ಶೇ. 5ರದ್ದು, 1 ಮಿ.ಲೀ. ಮುಂಜಾನೆ, 1 ಮಿ.ಲೀ. ರಾತ್ರಿ. ಹೆಣ್ಣುಮಕ್ಕಳಿಗೆ ಶೇ. 2ರದ್ದು ದಿನಕ್ಕ ಎರಡು ಸಲ, ಇಲ್ಲಾ ಶೇ. 5ರದ್ದು ಒಂದೇ ಸಲ. ಅಂದ್ರ 60 ಮಿ.ಲೀ. ಬಾಟಲಿ ಗಂಡಸರಿಗೆ 30 ದಿನ ಬರಬೇಕು. ಮೂರು ತಿಂಗಳು ಬಂತು ಅಂದ್ರ ಅವರು ಹಚ್ಚಿದ್ದು ಮೂರನೇ ಒಂದು ಪಾಲು ಅಷ್ಟ. ಹತ್ತು ದಿನಕ್ಕ ಮುಗೀತು ಅಂದ್ರ ಕೂದಲಿಗೆ ಹಚ್ಚ್ಯಾರ, ಚರ್ಮಕ್ಕಲ್ಲ.

ಹಚ್ಚೋ ಕ್ರಮ ಹಿಂಗ. ನೆತ್ತಿ ಒಣಗಿರಬೇಕು, ಎಣ್ಣಿ ಇರಬಾರದು. ಹಣಿಗಿಯಿಂದ ತೆಳುವಾದ ಜಾಗದಾಗ ಒಂದು ಬೈತಲಿ ತೆಗೀರಿ, ಡ್ರಾಪರ್ ತುದಿ ಚರ್ಮಕ್ಕ ಹತ್ತಿಸಿ ಸುಮಾರು 0.2 ಮಿ.ಲೀ. ಬಿಡ್ರಿ, ಬೆರಳ ತುದಿಯಿಂದ ಸವರ್ರಿ. ಬಾಜೂಕ ಇನ್ನೊಂದು ಬೈತಲಿ. ಹಿಂಗ ಐದು ಸಾಲಿಗೆ 1 ಮಿ.ಲೀ. ಆಗ್ತದ. ಸ್ಪ್ರೇ ಇದ್ರ ಎಷ್ಟು ಸಲ ಒತ್ತಿದ್ರ 1 ಮಿ.ಲೀ. ಅಂತ ಒಳಗಿನ ಚೀಟಿಯಾಗ ಬರ್ದಿರ್ತದ, ನೋಡ್ರಿ. ತಿಕ್ಕಿ ಮಸಾಜ್ ಮಾಡೋದು ಬೇಕಾಗಿಲ್ಲ. ಕೈ ಸಾಬೂನಿಂದ ತೊಳ್ಕೊಳ್ರಿ. 4 ತಾಸು ನೆತ್ತಿಗೆ ನೀರು ಬ್ಯಾಡ. ರಾತ್ರಿದು ಮಲಗೋಕ್ಕಿಂತ 2 ತಾಸು ಮೊದಲ ಹಚ್ಚರಿ. ಹಸಿ ಇದ್ದಾಗ ದಿಂಬಿಗೆ ಹತ್ತಿ ಅಲ್ಲಿಂದ ಮಾರಿಗೆ ಹತ್ತಿದ್ರ ಗಲ್ಲದ ಮ್ಯಾಲೆ, ಹಣಿ ಮ್ಯಾಲೆ ಕೂದಲು ಬರ್ತಾವ. ಹೆಣ್ಣುಮಕ್ಕಳು ಅರ್ಧಕ್ಕ ಬಿಡೋದು ಹೆಚ್ಚಾಗಿ ಇದರ ಸಲುವಾಗಿನೇ.

ನಮ್ಮ ಬ್ಯಾಸಗಿ ಬ್ಯಾರೆ ಅದ. ಏಪ್ರಿಲ್-ಮೇದಾಗ ಬೆವರು ಹಣಿಗೆ ಇಳೀತದ, ಔಷಧಾನೂ ಅದರ ಕೂಡ ಇಳೀತದ. ಜಳಕ ಆದಮ್ಯಾಲೆ ಫ್ಯಾನಿನ ಕೆಳಗ ಕುಂತು ಹಚ್ಚರಿ, ಒಣಗಿದಮ್ಯಾಲೆ ಬಿಸಿಲಿಗೆ ಹೋಗ್ರಿ. ಬಾಟಲಿ ಗಾಡಿ ಡಿಕ್ಕಿಯಾಗ ಇಡಬ್ಯಾಡ್ರಿ. ಇದರಾಗ ಆಲ್ಕೋಹಾಲ್ ಇರ್ತದ, ಗ್ಯಾಸ್ ಒಲಿ ಹತ್ರ, ದೇವರ ದೀಪದ ಹತ್ರ ಹಚ್ಚಬ್ಯಾಡ್ರಿ. ಮನಿಯಾಗ ಬೆಕ್ಕಿದ್ರ ಅದು ಬಾಟಲಿ, ದಿಂಬು, ತಲಿ ನೆಕ್ಕದಂಗ ನೋಡ್ಕೊಳ್ರಿ. ಬೆಕ್ಕಿಗೆ ಇದು ಜೀವಕ್ಕ ಕುತ್ತು.

ಹಚ್ಚಾಕ ಶುರು ಮಾಡಿ 2ರಿಂದ 8 ವಾರದಾಗ ಕೂದಲು ಹೆಚ್ಚು ಉದುರ್ತಾವ. ಇಲ್ಲೇ ಮಂದಿ ಹೆದರಿ ಬಿಟ್ಟುಬಿಡ್ತಾರ. ಅದು ವಿಶ್ರಾಂತಿಯಾಗಿದ್ದ ಹಳೇ ಕೂದಲು, ಹೊಸಾದು ಕೆಳಗಿಂದ ನೂಕಿದ್ದಕ್ಕ ಬಿದ್ದದ್ದು. ತಡೀರಿ. 4 ತಿಂಗಳಿಗೆ ಸುಳಿವು ಕಾಣ್ತದ, ಖರೇ ಲೆಕ್ಕ 12 ತಿಂಗಳಿಗೆ. ಒಂದು ಹೊತ್ತು ತಪ್ಪಿದ್ರ ಮುಂದಿನ ಹೊತ್ತಿಗೆ ಡಬಲ್ ಹಚ್ಚಬ್ಯಾಡ್ರಿ. ಪೂರ್ತಿ ಬಿಟ್ರ 3-4 ತಿಂಗಳದಾಗ ಬಂದದ್ದು ಹೋಗ್ತದ.

ನೆತ್ತಿ ಕೆಂಪಾಗಿ ತುರಿಸಿ ಹೊಪ್ಪಳಿ ಎದ್ರ ಹೆಚ್ಚಿನ ಸಲ ಅದು ಮಿನಾಕ್ಸಿಡಿಲ್ಲಿಂದ ಅಲ್ಲ, ದ್ರಾವಣದಾಗಿನ ಪ್ರೊಪಿಲೀನ್ ಗ್ಲೈಕಾಲಿಂದ. ಅದು ಇಲ್ಲದ ಫೋಮ್ ಕೇಳ್ರಿ. ಎದಿ ಡವಡವ, ಪಾದ ಬಾವು, ತಲಿ ತಿರುಗೋದು ಆದ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸ್ರಿ. ಬಸುರಿ, ಬಾಣಂತಿಯರಿಗೆ ಬ್ಯಾಡೇ ಬ್ಯಾಡ.

ಸಲೂನ್, ಯಾದಗಿರಿ

ಅಣ್ಣಾರ, ಔಷಧ ಒಣಗಿದ ಮ್ಯಾಲೆ ಬಿಳೇ ಪುಡಿ ನಿಲ್ತದ, ಗಿರಾಕಿಗಳು ಹೊಟ್ಟು ಅಂತ ತಿಳೀತಾರ. ಅದು ಔಷಧದ ಹರಳು, ತೊಳೆದ್ರ ಹೋಗ್ತದ. ಬಣ್ಣ ಹಚ್ಚೋ ದಿನ, ಕೂದಲು ನೇರ ಮಾಡಿಸೋ ದಿನ ಮಿನಾಕ್ಸಿಡಿಲ್ ಬಿಡಬೇಕು, 24 ತಾಸು ಅಂತರ ಇರಲಿ.

ಬೋರ್ ನೀರಿನ ಮಾತಿಗೆ ಬರ್ತೀನಿ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ನೆಲದ ಕೆಳಗ ಸುಣ್ಣದಕಲ್ಲು, ನೀರು ಗಡಸು. ಸಾಬೂನು ನೊರಿ ಬರಂಗಿಲ್ಲ, ಕೂದಲಿನ ಮ್ಯಾಲೆ ಜಿಗಟು ಪದರ ಕೂಡ್ತದ, ಕೂದಲು ಒರಟಾಗಿ ಮುರೀತಾವ. ಮುರಿಯೋದು ಬ್ಯಾರೆ, ಬೇರಿನಿಂದ ಬೀಳೋದು ಬ್ಯಾರೆ. ಬಿದ್ದ ಕೂದಲು ಬಿಳೇ ಕಾಗದದ ಮ್ಯಾಲೆ ಇಟ್ಟು ನೋಡ್ರಿ. ಒಂದು ತುದಿಗೆ ಸಾಸಿವಿಗಿಂತ ಭಾಳ ಸಣ್ಣ ಬಿಳೇ ಗುಂಡು ಇದ್ರ ಬೇರಿನಿಂದ ಬಿದ್ದದ್ದು. ತುಂಡು ಗಿಡ್ಡ ಇದ್ದು ಎರಡೂ ತುದಿಗೆ ಗುಂಡು ಇಲ್ಲ ಅಂದ್ರ ಮುರಿದದ್ದು. ಮುರಿದದ್ದೇ ಹೆಚ್ಚಿದ್ರ ತಲೆಗೆ ಸಾಬೂನು ಬಿಟ್ಟು ಶಾಂಪೂ ಹಾಕ್ರಿ, ಕೊನೀಗೆ ಕುಡಿಯೋ ನೀರು ಒಂದೆರಡು ತಂಬಗಿ ಹಾಕ್ಕೊಳ್ರಿ, ಹಸಿ ಇದ್ದಾಗ ಸಣ್ಣ ಹಣಿಗಿ ಆಡಿಸಬ್ಯಾಡ್ರಿ. ವಂಶದ ಬೋಳು ನೀರು ಬದಲಿ ಮಾಡಿದ್ರ ನಿಲ್ಲಂಗಿಲ್ಲ. ಫಿಲ್ಟರಿಗೆ ಸಾವಿರಗಟ್ಟಲೆ ಹಾಕೋಕ್ಕಿಂತ ಆ ರೊಕ್ಕ ಔಷಧಕ್ಕ ಹಾಕ್ರಿ.

ಹೆಲ್ಮೆಟ್ಟಿಂದ ಬೋಳು ಬರಂಗಿಲ್ಲ. ಒಳಗಿನ ಸ್ಪಂಜು ತೊಳೆದು ಒಣಗಿಸ್ರಿ, ಅಷ್ಟ ಸಾಕು. ಗಾಣಗಾಪುರದಾಗ ತಲಿ ಬೋಳಿಸಿದ್ರ ದಟ್ಟ ಬರ್ತಾವ ಅನ್ನೋದು ಹರಕಿಯ ಮಾತು, ಅದನ್ನ ಭಕ್ತಿಯಿಂದ ಮಾಡ್ರಿ, ಕೂದಲಿನ ಸಲುವಾಗಿ ಅಲ್ಲ. ಬ್ಲೇಡು ತುದಿ ಮೊಂಡು ಮಾಡ್ತದ, ಹಂಗಾಗಿ ದಪ್ಪ ಅನ್ನಿಸ್ತದ. ಬ್ಲೇಡಿಗೆ ಬೇರು ಮುಟ್ಟಂಗಿಲ್ಲ.

ವಿಜ್ಞಾನ ಮಾಸ್ತರ, ಶಹಾಪುರ

ಎಣ್ಣಿ ಬಗ್ಗೆ ಒಂದು ಮಾತು ಹೇಳ್ರಿ. ಕೊಬ್ಬರಿ ಎಣ್ಣಿ, ಕುಸುಬಿ ಎಣ್ಣಿ, ಉಳ್ಳಾಗಡ್ಡಿ ರಸ, ಎಲ್ಲಾ ನಡದದ.

ಚರ್ಮವೈದ್ಯೆ, ಕಲಬುರಗಿ

ಕೊಬ್ಬರಿ ಎಣ್ಣೆ ಕೂದಲಿನ ಎಳೆಯಿಂದ ಪ್ರೋಟೀನು ಸೋರುವುದನ್ನು ತಗ್ಗಿಸುತ್ತದೆ, ಮುರಿಯುವುದು ಕಡಿಮೆಯಾಗುತ್ತದೆ. ತಲೆ ತೊಳೆಯುವ ಮೊದಲು ಹಚ್ಚಲಿ, ಅಡ್ಡಿಯಿಲ್ಲ. ಬೇರಿನ ಮೇಲೆ ಡಿಎಚ್‌ಟಿ ಮಾಡುವ ಕೆಲಸಕ್ಕೆ ಯಾವ ಎಣ್ಣೆಯೂ ಅಡ್ಡ ಬರುವುದಿಲ್ಲ. ಮಿನಾಕ್ಸಿಡಿಲ್ ಹಚ್ಚುವ ಹೊತ್ತಿಗೆ ನೆತ್ತಿಯಲ್ಲಿ ಎಣ್ಣೆ ಇದ್ದರೆ ಔಷಧ ಒಳಗೆ ಇಳಿಯುವುದಿಲ್ಲ. ಉಳ್ಳಾಗಡ್ಡಿ ರಸ ನೆತ್ತಿಯನ್ನು ಸುಡುತ್ತದೆ.

ಈಗ ಗಂಡಸರ ಮುಖ್ಯ ಔಷಧ ಫಿನಾಸ್ಟರೈಡ್. 5 ಮಿ.ಗ್ರಾಂ ಗುಳಿಗೆ ಪ್ರಾಸ್ಟೇಟಿಗೆಂದು 1992ರಲ್ಲಿ, 1 ಮಿ.ಗ್ರಾಂ ಗುಳಿಗೆ ಕೂದಲಿಗೆಂದು 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ದಿನಕ್ಕೆ 1 ಮಿ.ಗ್ರಾಂ, ಊಟದ ಮುಂಚೆಯಾದರೂ ಸರಿ, ಆಮೇಲಾದರೂ ಸರಿ. ನೆತ್ತಿಯ ಡಿಎಚ್‌ಟಿಯನ್ನು ಶೇ. 60ರ ಆಸುಪಾಸು ಇಳಿಸುತ್ತದೆ. 2 ವರ್ಷದ ಪ್ರಯೋಗದಲ್ಲಿ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 83 ಜನರಿಗೆ ಕೂದಲ ಎಣಿಕೆ ಕುಸಿಯಲಿಲ್ಲ, ಔಷಧವಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 28 ಜನರಿಗೆ ಮಾತ್ರ ಹಾಗೆ ಉಳಿಯಿತು. ಇದರ ಬಲ ಇರುವುದನ್ನು ಉಳಿಸುವುದರಲ್ಲಿ, ವಿಶೇಷವಾಗಿ ನೆತ್ತಿಯ ಸುಳಿಯ ಭಾಗದಲ್ಲಿ. ಹಣೆಯ ಮೂಲೆ ತುಂಬಿ ಬರುತ್ತದೆಂದು ನಂಬಿಸುವವರ ಮಾತು ಕೇಳಬೇಡಿ.

ಅಡ್ಡಪರಿಣಾಮ ಮುಚ್ಚಿಡಬಾರದು. ಆ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿದವರು ಶೇ. 3.8, ಹುಸಿ ಗುಳಿಗೆಯವರಲ್ಲಿ ಶೇ. 2.1. ಬಹುತೇಕರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ, ಕೆಲವರಲ್ಲಿ ಉಳಿದ ವರದಿಗಳೂ ಇವೆ. ಮನಸ್ಸು ಕುಗ್ಗುವುದು, ಬದುಕು ಬೇಡ ಅನ್ನಿಸುವುದು ಕೂಡ ವರದಿಯಾಗಿದೆ. ಮೊದಲೇ ಖಿನ್ನತೆ ಇದ್ದವರು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಶುರುವಾದ ಮೇಲೆ ಹಾಗೆ ಅನ್ನಿಸಿದರೆ ಅದೇ ದಿನ ಗುಳಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಿ, ಮನೆಯವರಿಗೂ ತಿಳಿಸಿ.

ಇನ್ನೆರಡು ವಿಷಯ. 50 ದಾಟಿದವರು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗ ಈ ಗುಳಿಗೆಯ ವಿಷಯ ಹೇಳಲೇಬೇಕು. ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಹೇಳದಿದ್ದರೆ ಕ್ಯಾನ್ಸರಿನ ಸುಳಿವು ತಪ್ಪಿಹೋಗಬಹುದು. ರಕ್ತದಾನಕ್ಕೆ ಕೊನೆಯ ಗುಳಿಗೆಯಿಂದ 1 ತಿಂಗಳು ಬಿಡಬೇಕು, ಇದೇ ಜಾತಿಯ ಇನ್ನೊಂದು ಗುಳಿಗೆ ಡ್ಯುಟಾಸ್ಟರೈಡ್ ಆದರೆ 6 ತಿಂಗಳು. ಆ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಗಂಡುಕೂಸಿನ ಜನನಾಂಗದ ಬೆಳವಣಿಗೆ ಕೆಡಬಹುದು.

ಔಷಧಿ ಅಂಗಡಿ, ಬೀದರ್

ಅಕ್ಕಾರ, ಮಂದಿ ಕೌಂಟರಿಗೆ ಬಂದು 5 ಮಿ.ಗ್ರಾಂ ಗುಳಿಗಿ ಕೇಳ್ತಾರ, ನಾಲ್ಕು ತುಂಡು ಮಾಡಿದ್ರ ಅಗ್ಗ ಬೀಳ್ತದ ಅಂತಾರ. ಚೀಟಿ ಇಲ್ಲದ ನಾವು ಕೊಡಂಗಿಲ್ಲ, ಅದು ಬ್ಯಾರೆ ಮಾತು. ತುಂಡಿನ ಬಗ್ಗೆ ನಿಮ್ಮ ಅಭಿಪ್ರಾಯ?

ಚರ್ಮವೈದ್ಯೆ, ಕಲಬುರಗಿ

ಬೇಡ. ಇಡೀ ಗುಳಿಗೆಯ ಮೇಲೆ ಪದರ ಇರುತ್ತದೆ, ಮುಟ್ಟಿದರೆ ಅಪಾಯವಿಲ್ಲ. ತುಂಡು ಮಾಡಿದಾಗ ಪುಡಿ ಏಳುತ್ತದೆ. ಆ ಪುಡಿ ಉಳಿದ ಕಟ್ಟೆ, ಚಾಕು, ಡಬ್ಬಿಯನ್ನು ಮನೆಯ ಗರ್ಭಿಣಿ ಮುಟ್ಟಿದರೆ ಮೇಲೆ ಹೇಳಿದ ಅಪಾಯವೇ ಬರಬಹುದು. ಒಂದೇ ಅಡುಗೆಮನೆ, ಕೂಡುಕುಟುಂಬ, ಸೊಸೆ ಬಸುರಿ ಅನ್ನುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ತುಂಡುಗಳೂ ಸಮ ಆಗುವುದಿಲ್ಲ.

ಮಿನಾಕ್ಸಿಡಿಲ್ ಜೊತೆ ಶೇ. 0.1 ಫಿನಾಸ್ಟರೈಡ್ ಬೆರೆಸಿದ ದ್ರಾವಣಗಳೂ ಬಂದಿವೆ. ರಕ್ತಕ್ಕೆ ಕಡಿಮೆ ಸೇರುತ್ತದೆ, ಆದರೆ ಸೇರುವುದೇ ಇಲ್ಲ ಅಂತಲ್ಲ. ಅದನ್ನು ಹಚ್ಚಿಕೊಂಡ ತಲೆಯನ್ನು, ದಿಂಬನ್ನು ಗರ್ಭಿಣಿ ಮುಟ್ಟಬಾರದು. ಗಂಡನ ಬಾಟಲಿಯನ್ನು ಹೆಂಡತಿ ಹಚ್ಚಿಕೊಳ್ಳುವುದಂತೂ ಕೂಡದು. ಕೊಳ್ಳುವಾಗ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ, ಎರಡು ಬಾಟಲಿಯೂ ನೋಡಲು ಒಂದೇ ತರಹ ಇರುತ್ತವೆ.

ಸ್ತ್ರೀರೋಗ ವೈದ್ಯೆ, ಬೀದರ್

ಹೆಣ್ಣುಮಕ್ಕಳ ಕಡೆ ಬರೋಣ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಕೂದಲನ್ನು ತೂಗಿ ನೋಡುವ ಊರುಗಳಲ್ಲಿ ಇದನ್ನು ಅಂದದ ಚಿಂತೆ ಎಂದು ತಳ್ಳಿಹಾಕಬಾರದು. ಅವರಿಗೆ ಇದು ನಿದ್ದೆಗೆಡಿಸುವ ದುಃಖ.

ಚಿಕಿತ್ಸೆಗೆ ಮೊದಲು ಮೂರು ಕೇಳಿ. ಮುಟ್ಟು ಸರಿಯಾಗಿ ಬರುತ್ತಿದೆಯೇ? ಗಲ್ಲ, ಎದೆ, ಹೊಟ್ಟೆಯ ಮೇಲೆ ಒರಟು ಕೂದಲು ಹೆಚ್ಚಿದೆಯೇ? ಮೊಡವೆ ಜೋರಾಗಿದೆಯೇ? ಹೌದಾದರೆ ಪಿಸಿಒಎಸ್ (ಗಂಡು ಹಾರ್ಮೋನು ಹೆಚ್ಚಿ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ತಪಾಸಣೆ ಬೇಕು. ಕೆಲವೇ ತಿಂಗಳಲ್ಲಿ ದನಿ ಒಡೆದು ಗಡುಸಾಗಿ, ಕೂದಲು ರಭಸದಿಂದ ಹೋಗುತ್ತಿದ್ದರೆ ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಇರಬಹುದು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 200 ನ್ಯಾನೋಗ್ರಾಂ ದಾಟಿದರೆ ಕೂಡಲೇ ಸ್ಕ್ಯಾನ್. ಈ ಪರೀಕ್ಷೆ ಮುಟ್ಟಿನ 2ರಿಂದ 5ನೇ ದಿನದೊಳಗೆ ಬೆಳಿಗ್ಗೆ ಆಗಬೇಕು, ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಫಲಿತಾಂಶ ನಂಬುವಂತಿಲ್ಲ.

ಮೊದಲ ಔಷಧ ಮಿನಾಕ್ಸಿಡಿಲ್ಲೇ. ಸಾಲದಿದ್ದರೆ ಸ್ಪಿರೊನೊಲ್ಯಾಕ್ಟೋನ್ ಗುಳಿಗೆ. 25 ಅಥವಾ 50 ಮಿ.ಗ್ರಾಂನಿಂದ ಶುರುವಾಗಿ 100ರಿಂದ 200ರವರೆಗೆ ಏರಿಸುತ್ತೇವೆ. ಇದು ರಕ್ತದೊತ್ತಡ ಇಳಿಸುತ್ತದೆ, ಮುಟ್ಟು ಏರುಪೇರು ಮಾಡುತ್ತದೆ, ಮೂತ್ರಪಿಂಡ ದುರ್ಬಲ ಇದ್ದವರಲ್ಲಿ ಪೊಟ್ಯಾಶಿಯಂ ಏರಿಸುತ್ತದೆ. ಗಂಡುಕೂಸಿಗೆ ಅಪಾಯ ಇರುವುದರಿಂದ ಗರ್ಭ ನಿಲ್ಲದಂತೆ ಖಚಿತ ಏರ್ಪಾಡು ಇರಲೇಬೇಕು. ಮಗು ಬೇಕೆಂದಿರುವವರಿಗೆ ಇದು ಬೇಡ. ಫಿನಾಸ್ಟರೈಡ್ 1 ಮಿ.ಗ್ರಾಂ ಅನ್ನು ಮುಟ್ಟು ನಿಂತವರ ಮೇಲೆ 1 ವರ್ಷ ಪ್ರಯೋಗ ಮಾಡಿದಾಗ ಹುಸಿ ಗುಳಿಗೆಗಿಂತ ಹೆಚ್ಚಿನ ಫಲ ಬರಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಕೆಲವು ವೈದ್ಯರು ಅಂಥವರಿಗೆ ಕೊಡುತ್ತಾರೆ. ಮಕ್ಕಳಾಗುವ ವಯಸ್ಸಿನವರಿಗೆ ಅದು ಸಲ್ಲ.

ಬಾಣಂತಿಯರಿಗೆ ಹೆರಿಗೆಯ 2-4 ತಿಂಗಳಿಗೆ ಉದುರುವುದು ವಂಶದ್ದಲ್ಲ. ಕೂಸಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುತೇಕ ತಿರುಗಿ ಬರುತ್ತದೆ. ಊಟ ಮತ್ತು ಕಬ್ಬಿಣದ ಗುಳಿಗೆ ತಪ್ಪದಿರಲಿ.

ಲ್ಯಾಬ್ ತಂತ್ರಜ್ಞ, ಕಲಬುರಗಿ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಲ್ಯಾಬಿನ ಕಡೆಯಿಂದ ಸೇರಿಸುತ್ತೇನೆ. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು, ದೇಹ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ ನೋಡಬೇಕು. ಹಿಮೋಗ್ಲೋಬಿನ್ 12 ಇದ್ದು ಫೆರಿಟಿನ್ 10 ಇರುವುದು ಸಾಮಾನ್ಯ, ಅಂದರೆ ಕಣಜ ಖಾಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರಂತೆ ದೇಶದಲ್ಲಿ 15-49ರ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಸರಿಪಡಿಸದೆ ಕೂದಲ ಔಷಧದ ಫಲ ಅಳೆಯುವುದು ಕಷ್ಟ. ಜ್ವರ ಇದ್ದಾಗ, ಬಿಟ್ಟ ಹೊಸದರಲ್ಲಿ ಈ ಪರೀಕ್ಷೆ ಬೇಡ. ಉರಿಯೂತಕ್ಕೆ ಫೆರಿಟಿನ್ ಸುಳ್ಳೇ ಏರುತ್ತದೆ. ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12, ವಿಟಮಿನ್ ಡಿ ನೋಡಿಸಿ.

ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಒತ್ತಿ ಹೇಳಬೇಕು. ಕೂದಲಿಗೆಂದು ಮಾರುವ ಗುಳಿಗೆಗಳಲ್ಲಿ 10 ಮಿ.ಗ್ರಾಂ ಇರುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಅಂದರೆ ಮುನ್ನೂರು ಪಟ್ಟಿಗಿಂತ ಹೆಚ್ಚು. ಕೊರತೆ ಇಲ್ಲದವರಿಗೆ ಕೂದಲು ಕೊಡುವುದಿಲ್ಲ, ಪರೀಕ್ಷೆ ಮಾತ್ರ ಕೆಡಿಸುತ್ತದೆ. ಹಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ3-ಟಿ4 ಸುಳ್ಳೇ ಹೆಚ್ಚು ಬಂದು ಇಲ್ಲದ ಥೈರಾಯ್ಡ್ ರೋಗ ಕಾಣುತ್ತದೆ. ಹೃದಯಾಘಾತ ಹಿಡಿಯುವ ಟ್ರೊಪೊನಿನ್ ಸುಳ್ಳೇ ಕಡಿಮೆ ಬರಬಹುದು, ಅದು ಪ್ರಾಣದ ಪ್ರಶ್ನೆ. ರಕ್ತ ಕೊಡುವ 2-3 ದಿನ ಮೊದಲು ನಿಲ್ಲಿಸಿ, ತುರ್ತು ಇದ್ದರೆ ಬಯೋಟಿನ್ ನುಂಗುತ್ತಿದ್ದೇನೆ ಎಂದು ಹೇಳಿ.

ಆಹಾರ ಸಲಹೆಗಾರ್ತಿ, ಸೇಡಂ

ಊಟದಿಂದ ವಂಶದ ಬೋಳು ತಿರುಗಂಗಿಲ್ಲ, ಆದ್ರ ಖಾಲಿ ಹೊಟ್ಟಿಯವರಿಗೆ ಯಾವ ಔಷಧವೂ ಹತ್ತಂಗಿಲ್ಲ. ನಮ್ಮ ತೊಗರಿ ಬ್ಯಾಳಿ, ಶೇಂಗಾ, ಮೊಸರು, ತತ್ತಿ ದಿನಾ ಇದ್ರ ಪ್ರೋಟೀನು ಸಾಕು. ಕಬ್ಬಿಣ ಹೀರಿಕೊಳ್ಳಲಿಕ್ಕೆ ಪಲ್ಯದ ಮ್ಯಾಲೆ ನಿಂಬಿ ಹಿಂಡ್ರಿ. ಊಟ ಆದ ಕೂಡ್ಲೆ ಚಹಾ ಕುಡಿಯೋ ರೂಢಿ ಬಿಡ್ರಿ, ಒಂದು ತಾಸು ಹೋಗಲಿ. ಕಬ್ಬಿಣದ ಗುಳಿಗಿ ಹಾಲು, ಕ್ಯಾಲ್ಸಿಯಂ ಗುಳಿಗಿ ಕೂಡ ನುಂಗಬ್ಯಾಡ್ರಿ.

ಓದುಗ, ಭಾಲ್ಕಿ

ಪಿಆರ್‌ಪಿ, ಸೂಜಿ ರೋಲರ್, ಲೇಸರ್ ಬಾಚಣಿಗೆ, ಹೊಟ್ಟಿನ ಶಾಂಪೂ: ಇವುಗಳ ಬಗ್ಗೆಯೂ ಹೇಳಿ. ನುಂಗುವ ಮಿನಾಕ್ಸಿಡಿಲ್ ಅನ್ನೂ ಈಗ ಬರೆದುಕೊಡುತ್ತಿದ್ದಾರೆ.

ಚರ್ಮವೈದ್ಯೆ, ಕಲಬುರಗಿ

ಚುಟುಕಾಗಿ ಹೇಳುತ್ತೇನೆ. ಪಿಆರ್‌ಪಿಯಲ್ಲಿ ಸುಮಾರು 10-20 ಮಿ.ಲೀ. ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಭಾಗವನ್ನು ನೆತ್ತಿಗೆ ಚುಚ್ಚುತ್ತಾರೆ. ತಿಂಗಳಿಗೊಂದರಂತೆ 3 ಸಲ, ಆಮೇಲೆ ಆಗಾಗ. ಒಬ್ಬೊಬ್ಬರು ಒಂದೊಂದು ತರಹ ತಯಾರಿಸುವುದರಿಂದ ಫಲ ಏಕರೂಪವಾಗಿಲ್ಲ. ಔಷಧದ ಜೊತೆ ಸೇರಿಸಬಹುದು, ಔಷಧದ ಬದಲಿಗೆ ಅಲ್ಲ. 1.5 ಮಿ.ಮೀ. ಸೂಜಿಯನ್ನು ವಾರಕ್ಕೊಮ್ಮೆ ಆಡಿಸಿದರೆ ಮಿನಾಕ್ಸಿಡಿಲ್‌ನ ಫಲ ಹೆಚ್ಚುತ್ತದೆ ಎಂಬ ಅಧ್ಯಯನಗಳಿವೆ, ಆದರೆ ಅದೇ ದಿನ ಮಿನಾಕ್ಸಿಡಿಲ್ ಬೇಡ, ರೋಲರನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವುದು ಬೇಡವೇ ಬೇಡ. ಕೀಟೋಕೊನಜೋಲ್ ಶೇ. 2 ಶಾಂಪೂ ಹೊಟ್ಟು ಇದ್ದವರಿಗೆ ವಾರಕ್ಕೆ ಎರಡು ಸಲ, 3-5 ನಿಮಿಷ ಬಿಟ್ಟು ತೊಳೆಯಬೇಕು. ಲೇಸರ್‌ನ ಲಾಭ ಸಣ್ಣದು, ಬೆಲೆ ದೊಡ್ಡದು.

ನುಂಗುವ ಮಿನಾಕ್ಸಿಡಿಲ್ ಒಳ್ಳೆಯ ಔಷಧವೇ. ಹೆಂಗಸರಿಗೆ 0.25ರಿಂದ 2.5 ಮಿ.ಗ್ರಾಂ, ಗಂಡಸರಿಗೆ 2.5ರಿಂದ 5. ಹಚ್ಚಿಕೊಳ್ಳುವ ಕಿರಿಕಿರಿ ತಾಳದವರಿಗೆ ಅನುಕೂಲ. ಆದರೆ ಹೃದ್ರೋಗ ಇದ್ದವರಿಗೆ, ರಕ್ತದೊತ್ತಡಕ್ಕೆ ಬೇರೆ ಗುಳಿಗೆ ನುಂಗುವವರಿಗೆ ಎಚ್ಚರಿಕೆ ಬೇಕು. ಮೈಮೇಲೆ ಕೂದಲು ಹೆಚ್ಚುವುದು ಎಲ್ಲಕ್ಕಿಂತ ಸಾಮಾನ್ಯ ದೂರು.

ಶಸ್ತ್ರಚಿಕಿತ್ಸಾ ಕೊಠಡಿ ನರ್ಸ್, ಕಲಬುರಗಿ

ನಾಟಿ ಬಗ್ಗೆ ಬರೀತೀನ್ರಿ, ಯಾಕಂದ್ರ ತಾಂಡೂರು ಮ್ಯಾಲೆ, ಜಹೀರಾಬಾದ್ ಮ್ಯಾಲೆ ಹೈದರಾಬಾದಿಗೆ ಹೋಗೋ ಹುಡುಗರು ಇದನ್ನ ಓದಬೇಕು.

ನಾಟಿ ಅಂದ್ರ ಹೊಸ ಕೂದಲು ಹುಟ್ಟಿಸೋದಲ್ಲ, ಹಿಂದಲಿ ಬೇರು ಕಿತ್ತು ಮುಂದ ನೆಡೋದು. ಎಫ್‌ಯುಇದಾಗ 0.8ರಿಂದ 1 ಮಿ.ಮೀ. ಕೊಳವಿಯಿಂದ ಒಂದೊಂದೇ ಗುಚ್ಛ ತೆಗೀತಾರ, ಗುಚ್ಛಕ್ಕ 1ರಿಂದ 4 ಕೂದಲು. ಎಫ್‌ಯುಟಿದಾಗ ಚರ್ಮದ ಪಟ್ಟಿ ತೆಗೆದು ಹೊಲೀತಾರ, ಗೆರಿ ಕಲಿ ಉಳೀತದ. ಹಿಂದಿನ ಬಂಡವಾಳ ಒಮ್ಮಿ ತೆಗೆದ್ರ ತಿರುಗಿ ಬರಂಗಿಲ್ಲ. 22ಕ್ಕ ಹಣಿ ಮೂಲಿ ತುಂಬಿಸ್ಕೊಂಡು ಗುಳಿಗಿ ನುಂಗದವನಿಗೆ ನೆಟ್ಟದ್ದು ಉಳೀತದ, ಅದರ ಹಿಂದಿನ ಸ್ವಂತ ಕೂದಲು ಹೋಗ್ತಾವ, ನಡುವ ಬಯಲು ಉಳೀತದ. ಆಗ ತುಂಬಾಕ ಬೇರು ಇರಂಗಿಲ್ಲ. ಅದಕ್ಕ ಮೊದಲ ಒಂದು ವರ್ಷ ಔಷಧ, ಉದುರೋದು ಸ್ಥಿರ ಆದಮ್ಯಾಲೆ ನಾಟಿ. ಹಿಂದಲಿನೂ ತೆಳುವಾದ ಹೆಣ್ಣುಮಕ್ಕಳಿಗೆ ನಾಟಿ ಹೊಂದಂಗಿಲ್ಲ.

ಹೋಗೋ ಮೊದಲು ಕೇಳ್ರಿ: ಕುಯ್ಯೋರು ಯಾರು? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಾಗ ಹೇಳೇದ, ನಾಟಿ ಮಾಡಬೇಕಾದವರು ತರಬೇತಿ ಪಡೆದ ನೋಂದಾಯಿತ ವೈದ್ಯರು, ತಂತ್ರಜ್ಞರು ಸಹಾಯಕ್ಕ ಅಷ್ಟ. ಆಕ್ಸಿಜನ್, ತುರ್ತು ಔಷಧ ಅದಾವೇನು? ನೆತ್ತಿ ಜೋಮು ಮಾಡೋ ಲಿಗ್ನೋಕೇನ್ ಅಡ್ರಿನಲಿನ್ ಕೂಡಿದ್ರ ತೂಕದ ಕೆ.ಜಿ.ಗೆ 7 ಮಿ.ಗ್ರಾಂ ದಾಟಬಾರದು. ಒಂದೇ ದಿನ ಅತಿ ಹೆಚ್ಚು ಗುಚ್ಛ ಅಂತ ಹೊಡೆದಾಡೋ ಕಡೆ ಈ ಲೆಕ್ಕ ತಪ್ಪಿದ್ರ ಫಿಟ್ಸ್ ಬರ್ತಾವ, ಎದಿ ಬಡಿತ ಕೆಡ್ತದ.

ಆದಮ್ಯಾಲೆ ಮೊದಲ ಮೂರು ರಾತ್ರಿ ತಲಿ ಎತ್ತರ ಇಟ್ಟು ಮಲಗಬೇಕು. ಹಣಿ, ಕಣ್ಣಿನ ಸುತ್ತ ಬಾವು ಬಂದು ಇಳೀತದ. ಹೊಪ್ಪಳಿ 7-10 ದಿನಕ್ಕ ಉದುರ್ತಾವ, ಕೆರೀಬಾರದು. 2-6 ವಾರದಾಗ ನೆಟ್ಟ ಕೂದಲು ಬಿದ್ದುಹೋಗ್ತಾವ, ಬೇರು ಒಳಗ ಇರ್ತದ. 3-4 ತಿಂಗಳಿಗೆ ಮೊಳಕಿ, 12 ತಿಂಗಳಿಗೆ ಪೂರ್ತಿ. ನಮ್ಮ ಕಡೆ ಏಪ್ರಿಲ್-ಮೇದಾಗ ಬ್ಯಾಡ್ರಿ. ಧೂಳು, ಬೆವರು, ಸುಡೋ ಬಿಸಿಲು ಎಲ್ಲಾ ಕೂಡಿ ಗಾಯ ಕೀವು ಕಟ್ಟೋ ಭಯ.

ವಿಜ್ಞಾನ ಮಾಸ್ತರ, ಶಹಾಪುರ

ಭಾಳ ಉಪಕಾರ ಆಯ್ತು ಎಲ್ಲರದ್ದೂ. ಕೊನೀದೊಂದು: ಔಷಧ ಹತ್ತೇದೋ ಇಲ್ಲೋ ಅಂತ ಹ್ಯಾಂಗ ತಿಳೀಬೇಕು? ಕನ್ನಡಿಯಾಗ ದಿನಾ ನೋಡಿದ್ರ ಏನೂ ಗೊತ್ತಾಗಂಗಿಲ್ಲ.

ಚರ್ಮವೈದ್ಯೆ, ಕಲಬುರಗಿ

ಶುರುಮಾಡುವ ದಿನವೇ ಫೋಟೋ ತೆಗೆದಿಡಿ. ಒಣ ಕೂದಲು, ಒಂದೇ ಕಿಟಕಿಯ ಬೆಳಕು, ಒಂದೇ ಬೈತಲೆ, ಒಂದೇ ದೂರ. ಹಣೆ, ನಡುನೆತ್ತಿ, ಸುಳಿ, ಎರಡು ಮೂಲೆ, ಒಟ್ಟು ಐದು ಫೋಟೋ. 3 ತಿಂಗಳಿಗೊಮ್ಮೆ ಹಾಗೇ ತೆಗೆಯಿರಿ. 6 ತಿಂಗಳಿಗೆ ಮೊದಲಿನಷ್ಟೇ ಇದ್ದರೂ ಔಷಧ ಕೆಲಸ ಮಾಡುತ್ತಿದೆ, ಯಾಕೆಂದರೆ ಬಿಟ್ಟಿದ್ದರೆ ಅಷ್ಟರಲ್ಲಿ ಇನ್ನೂ ತೆಳುವಾಗುತ್ತಿತ್ತು. 12 ತಿಂಗಳಿಗೂ ಇಳಿಮುಖವೇ ಇದ್ದರೆ ಮೊದಲು ಪ್ರಮಾಣ ಮತ್ತು ಕ್ರಮ ಪರೀಕ್ಷಿಸಿ, ಆಮೇಲೆ ಔಷಧ ಬದಲಿಸುವ ಮಾತು.

ಆಸ್ಪತ್ರೆಗೆ ಬರುವಾಗ ಆ ಫೋಟೋಗಳು, ಹಳೆಯ ರಕ್ತ ವರದಿ, ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿ ತನ್ನಿ. ತಲೆಗೆ ಎಣ್ಣೆ, ಕಪ್ಪು ಬಣ್ಣದ ಪುಡಿ ಹಚ್ಚಿಕೊಂಡು ಬರಬೇಡಿ, ನೆತ್ತಿ ನೋಡುವ ಯಂತ್ರದಲ್ಲಿ ಬುಡ ಕಾಣುವುದಿಲ್ಲ. 30ರ ಒಳಗೇ ಜೋರಾಗಿ ಬೋಳಾಗುತ್ತಿರುವ ಗಂಡಸರು ಅದೇ ದಿನ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡಿಸಿಕೊಳ್ಳಿ. ಬೇಗ ಬರುವ ಬೋಳಿಗೂ ಆ ಕಾಯಿಲೆಗಳಿಗೂ ನಂಟು ಕಂಡುಬಂದಿದೆ.